ಫಲಕದ ದೋಷದಿಂದ ಮುಖದ ದೋಷದವರೆಗೆ: ಭಾವಚಿತ್ರ ತಿದ್ದುಗೆಲಸದ ಇತಿಹಾಸ

ಛಾಯಾಚಿತ್ರಕಲೆಯ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಮೂರು ಸಂಗತಿಗಳನ್ನು ಆಧಾರವಾಗಿಟ್ಟುಕೊಂಡಿದ್ದಾರೆ: ಕ್ಯಾಮೆರಾದ ರಚನೆ, ರಾಸಾಯನಿಕ ವಿಧಾನಗಳ ಬೆಳವಣಿಗೆ ಮತ್ತು ಪ್ರಸಿದ್ಧ ಛಾಯಾಗ್ರಾಹಕರ ಸಾಧನೆ. ಚಿತ್ರವನ್ನು ತೆಗೆದ ಮೇಲೆ, ಅದು ಗಿರಾಕಿಯ ಕೈಯನ್ನೋ ಪತ್ರಿಕೆಯ ಪುಟವನ್ನೋ ಸೇರುವ ಮುನ್ನ, ಅದರ ಮೇಲೆ ನಡೆಯುವ ಕೈಕೆಲಸಕ್ಕೆ ಈ ಇತಿಹಾಸಗಳಲ್ಲಿ ದೊರೆತಿರುವ ಸ್ಥಾನ ಅಲ್ಪವೇ ಸರಿ. ನಮ್ಮ ಸ್ಟುಡಿಯೋಗಳ ಆಡುಮಾತಿನಲ್ಲಿ ‘ಟಚಿಂಗ್’ ಎಂದೂ ವೃತ್ತಿಪರರ ಭಾಷೆಯಲ್ಲಿ ‘ರೀಟಚಿಂಗ್’ ಎಂದೂ ಕರೆಯಲಾಗುವ ಈ ಕೆಲಸವನ್ನು ಪ್ರಸ್ತುತ ಲೇಖನದಲ್ಲಿ ‘ತಿದ್ದುಗೆಲಸ’ ಎಂದು ಕರೆಯಲಾಗಿದೆ. ಇದನ್ನು ಮಾಡುವವನು ತಿದ್ದುಗಾರ. ಚಿತ್ರದ ಅಂಚಿನಲ್ಲಿ ಛಾಯಾಗ್ರಾಹಕನ ಹೆಸರಿರುತ್ತದೆ, ಸ್ಟುಡಿಯೋದ ಮುದ್ರೆಯಿರುತ್ತದೆ. ತಿದ್ದುಗಾರನ ಹೆಸರು ಎಲ್ಲಿಯೂ ಇರುವುದಿಲ್ಲ. ಅವನ ಕೆಲಸ ಕಾಣದಿದ್ದಾಗಲೇ ಅದು ಚೆನ್ನಾಗಿದೆ ಎಂದು ಅರ್ಥ. ಕಾಣದಿರುವುದೇ ಗುಣವಾಗಿರುವ ಕಸುಬಿಗೆ ಇತಿಹಾಸ ದೊರೆಯದಿರುವುದು ಆಶ್ಚರ್ಯವಲ್ಲ.

ಇಂದು ಹೊಳಪು ಕಾಗದದ ಫ್ಯಾಷನ್ ಪತ್ರಿಕೆಗಳಲ್ಲಿ ಕಾಣುವ ಕಲೆಯಿಲ್ಲದ, ಸುಕ್ಕಿಲ್ಲದ, ಒಂದೇ ಹದದ ಮೈಬಣ್ಣದ ಮುಖ ಗಣಕಯಂತ್ರದ ಸೃಷ್ಟಿ ಎಂಬ ಭಾವನೆ ವ್ಯಾಪಕವಾಗಿದೆ. ಈ ಭಾವನೆ ಸರಿಯಲ್ಲ. ಆ ಮುಖದ ಹಿಂದೆ ಸುಮಾರು 180 ವರ್ಷಗಳ ಪರಂಪರೆಯಿದೆ. ತಿದ್ದುಗೆಲಸ ಹುಟ್ಟಿದ್ದು ಕೇವಲ ಗಿರಾಕಿಯ ಮುಖಸ್ತುತಿಗಾಗಿ ಅಲ್ಲ. ಅದರ ಹಿಂದೆ ಛಾಯಾಫಲಕದ ಒಂದು ನಿಜವಾದ ಕೊರತೆಯಿತ್ತು. ಆ ಕೊರತೆ ನೀಗಿದ ನಂತರವೂ ತಿದ್ದುಗೆಲಸ ನಿಲ್ಲಲಿಲ್ಲ, ಬದಲಾಗಿ ಬೆಳೆಯಿತು. ಫಲಕದ ದೋಷವನ್ನು ತಿದ್ದುತ್ತಿದ್ದ ಕೈ ಯಾವಾಗ, ಹೇಗೆ ಮುಖದ ದೋಷವನ್ನು ತಿದ್ದತೊಡಗಿತು, ಮುಖಕ್ಕೆ ‘ದೋಷ’ವೆಂದರೆ ಏನೆಂಬುದನ್ನು ನಿರ್ಧರಿಸುವ ಅಧಿಕಾರ ಅದಕ್ಕೆ ಹೇಗೆ ಬಂತು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಫಲಕದ ಕುರುಡು

ದಗೇರ್ ಕಂಡುಹಿಡಿದ ವಿಧಾನವನ್ನು ಪ್ಯಾರಿಸ್ಸಿನಲ್ಲಿ 1839ರ ಆಗಸ್ಟ್ 19ರಂದು ಬಹಿರಂಗಪಡಿಸಲಾಯಿತು. ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಮೂಡುತ್ತಿದ್ದ ಈ ಚಿತ್ರ ಒಂದೇ ಪ್ರತಿಯದು. ಅದರ ಮೇಲ್ಮೈ ಬಲು ಸೂಕ್ಷ್ಮ, ಬೆರಳು ತಗುಲಿದರೂ ಅಳಿಸಿಹೋಗುವಂಥದು. ಆದ್ದರಿಂದ ಅದರಲ್ಲಿ ರೇಖೆಗಳನ್ನು ತಿದ್ದುವುದು ಬಹುಮಟ್ಟಿಗೆ ಅಸಾಧ್ಯವಾಗಿತ್ತು. ಬಣ್ಣ ಹಚ್ಚಲು ಮಾತ್ರ ಅವಕಾಶವಿತ್ತು. ಸ್ವಿಟ್ಜರ್ಲೆಂಡಿನ ಚಿತ್ರಕಾರ ಯೋಹಾನ್ ಬ್ಯಾಪ್ಟಿಸ್ಟ್ ಇಸೆನ್‌ರಿಂಗ್ 1840ರ ವೇಳೆಗೆ ಅಂಟು ಬೆರೆಸಿದ ಬಣ್ಣದ ಪುಡಿಯನ್ನು ಇಂಥ ತಗಡಿನ ಮೇಲೆ ಹಚ್ಚಿ ಕೆನ್ನೆಗೆ ಕೆಂಪು ತರಿಸಿದನು. ಜನ ತಮ್ಮ ಮುಖ ಬೂದುಬಣ್ಣದಲ್ಲಿ ಕಾಣುವುದನ್ನು ಒಪ್ಪಿರಲಿಲ್ಲವೆಂಬುದಕ್ಕೆ ಇದು ಮೊದಲ ಸಾಕ್ಷ್ಯ.

ಇಂಗ್ಲೆಂಡಿನ ಟಾಲ್ಬಟ್ 1841ರಲ್ಲಿ ಹಕ್ಕುಪತ್ರ ಪಡೆದ ಕ್ಯಾಲೋಟೈಪ್ ವಿಧಾನದಲ್ಲಿ ಕಾಗದದ ನೆಗೆಟಿವ್ ಬಳಕೆಗೆ ಬಂತು. ಒಂದು ನೆಗೆಟಿವ್‌ನಿಂದ ಹಲವು ಪ್ರತಿ ತೆಗೆಯಬಹುದೆಂಬುದು ಇದರ ಹಿರಿಮೆ. ನೆಗೆಟಿವ್‌ನಲ್ಲಿ ಮಾಡಿದ ಒಂದು ತಿದ್ದುಪಡಿ ಎಲ್ಲ ಪ್ರತಿಗಳಲ್ಲಿಯೂ ತಾನಾಗಿ ಮೂಡುತ್ತದೆ ಎಂಬುದು ಇದರ ಇನ್ನೊಂದು ಫಲ. ಕ್ಯಾಲ್ವರ್ಟ್ ಜೋನ್ಸ್ ಎಂಬಾತ 1846ರಲ್ಲಿ ಮಾಲ್ಟಾ ದ್ವೀಪದಲ್ಲಿ ತೆಗೆದ ಕ್ರೈಸ್ತ ಸನ್ಯಾಸಿಗಳ ಚಿತ್ರದಲ್ಲಿ, ಗುಂಪಿನಿಂದ ಹಿಂದೆ ದೂರದಲ್ಲಿ ನಿಂತಿದ್ದ ಐದನೆಯವನನ್ನು ನೆಗೆಟಿವ್‌ನ ಮೇಲೆ ಮಸಿ ಬಳಿದು ಅಳಿಸಿಹಾಕಿದನು. ಪ್ರತಿಯಲ್ಲಿ ನಾಲ್ವರೇ ಉಳಿದರು. ಛಾಯಾಚಿತ್ರವು ಕಣ್ಣಿಗೆ ಕಂಡದ್ದರ ನಂಬಿಕಸ್ತ ಸಾಕ್ಷಿ ಎಂಬ ಮಾತು ಇನ್ನೂ ಹೊಸದಾಗಿದ್ದ ಕಾಲದಲ್ಲಿಯೇ ಆ ಸಾಕ್ಷಿಯನ್ನು ತಿದ್ದುವ ಕೆಲಸವೂ ಆರಂಭವಾಗಿತ್ತು.

1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಕಲೋಡಿಯನ್ ವಿಧಾನ ಭಾವಚಿತ್ರೋದ್ಯಮಕ್ಕೆ ಭದ್ರವಾದ ತಳಹದಿ ಒದಗಿಸಿತು. ಗಾಜಿನ ಫಲಕದ ಮೇಲಿನ ಈ ನೆಗೆಟಿವ್ ಅತ್ಯಂತ ಸ್ಫುಟವಾದ ವಿವರಗಳನ್ನು ನೀಡುತ್ತಿತ್ತು. ಆದರೆ ಅದಕ್ಕೊಂದು ದೊಡ್ಡ ಕೊರತೆಯಿತ್ತು. ಆ ಫಲಕ ನೀಲಿ ಮತ್ತು ನೇರಳೆ ಬೆಳಕಿಗೆ ಮಾತ್ರ ಸ್ಪಂದಿಸುತ್ತಿತ್ತು. ಹಳದಿ ಮತ್ತು ಕೆಂಪು ಅದರ ಪಾಲಿಗೆ ಕತ್ತಲೆಯೇ ಆಗಿದ್ದವು. ಇದರ ಪರಿಣಾಮ ಮುಖದ ಮೇಲೆ ನೇರವಾಗಿ ಕಾಣುತ್ತಿತ್ತು. ಎದುರಿಗೆ ಕುಳಿತವರ ಕಣ್ಣಿಗೆ ಕಂಡೂ ಕಾಣದಂತಿದ್ದ ತಿಳಿಕಂದು ಮಚ್ಚೆಗಳು ಚಿತ್ರದಲ್ಲಿ ಕಪ್ಪು ಚುಕ್ಕೆಗಳಾಗುತ್ತಿದ್ದವು. ಕೆಂಪು ತುಟಿ ಕಪ್ಪಾಗುತ್ತಿತ್ತು. ನೀಲಿ ಕಣ್ಣು ಬಣ್ಣಗೆಟ್ಟು ಬಿಳಿಚಿಕೊಳ್ಳುತ್ತಿತ್ತು. ಇಂಥ ಚಿತ್ರವನ್ನು ನೋಡಿ ‘ಇದು ನಾನಲ್ಲ’ ಎನ್ನುವ ಗಿರಾಕಿಯ ಮಾತಿನಲ್ಲಿ ಜಂಭ ಮಾತ್ರವಲ್ಲ, ಸತ್ಯವೂ ಇತ್ತೆಂಬುದನ್ನು ಇಲ್ಲಿ ಗಮನಿಸಬೇಕು. ತಿದ್ದುಗಾರ ಆ ಚುಕ್ಕೆಗಳನ್ನು ತೆಗೆದಾಗ ಚಿತ್ರವು ನಿಜದಿಂದ ದೂರವಾಗುತ್ತಿರಲಿಲ್ಲ. ಕಣ್ಣು ಕಂಡದ್ದಕ್ಕೆ ಹತ್ತಿರವಾಗುತ್ತಿತ್ತು.

ಇದೇ ಕೊರತೆಯಿಂದ ಭೂದೃಶ್ಯಗಳಲ್ಲಿ ಆಕಾಶ ಮೋಡಗಳಿಲ್ಲದೆ ಬರಿದಾಗುತ್ತಿತ್ತು. ಕರ್ನಾಟಕದ ಮಟ್ಟಿಗೆ ಲಿನೇಯಸ್ ಟ್ರೈಪ್‌ನ ಹೆಸರು ಇಲ್ಲಿ ಉಲ್ಲೇಖಾರ್ಹ. ಹಳೇಬೀಡು ಮತ್ತು ಬೇಲೂರಿನ ದೇವಾಲಯಗಳನ್ನು 1854ರಲ್ಲಿ ಛಾಯಾಚಿತ್ರಕ್ಕಿಳಿಸಿದ ಈ ಸೇನಾಧಿಕಾರಿ ಮರುವರ್ಷ ಬರ್ಮಾದಲ್ಲಿ ತೆಗೆದ ನೆಗೆಟಿವ್‌ಗಳ ಮೇಲೆ ಕುಂಚದಿಂದ ಮೋಡಗಳನ್ನು ಬರೆದನು. ದಾಖಲೆಯ ಸಲುವಾಗಿ ಚಿತ್ರ ತೆಗೆಯುತ್ತಿದ್ದವನಿಗೂ ಕುಂಚ ಬೇಕಾಗಿತ್ತು ಎಂಬುದು ಆ ಕಾಲದ ಪರಿಸ್ಥಿತಿಯನ್ನು ತೋರಿಸುತ್ತದೆ.

ಪೆನ್ಸಿಲು ಮತ್ತು ಚಾಕು

ಭಾವಚಿತ್ರದ ನೆಗೆಟಿವ್ ತಿದ್ದುವ ಕಲೆಯನ್ನು ಲೋಕದ ಗಮನಕ್ಕೆ ತಂದವನು ಮ್ಯೂನಿಕ್ ನಗರದ ಫ್ರಾನ್ಜ್ ಹಾನ್ಫ್‌ಸ್ಟೇಂಗ್ಲ್ ಎಂದು ಹೇಳಲಾಗುತ್ತದೆ. ಮೂಲತಃ ಈತ ಶಿಲಾಮುದ್ರಣದ ಕಲಾವಿದ. 1855ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಒಂದೇ ಭಾವಚಿತ್ರದ ಎರಡು ಪ್ರತಿಗಳನ್ನು, ತಿದ್ದುವ ಮುನ್ನಿನದು ಮತ್ತು ತಿದ್ದಿದ ನಂತರದ್ದು, ಈತ ಅಕ್ಕಪಕ್ಕದಲ್ಲಿಟ್ಟು ತೋರಿಸಿದನೆಂದೂ ಜನ ಬೆರಗಾದರೆಂದೂ ತಿಳಿದುಬರುತ್ತದೆ. ಇಂದಿಗೂ ತಿದ್ದುಗೆಲಸದ ಚರ್ಚೆಯಲ್ಲೆಲ್ಲ ಮುಂದಿಡುವ ‘ಮೊದಲು ಮತ್ತು ನಂತರ’ ಎಂಬ ಜೋಡಿಚಿತ್ರದ ಪದ್ಧತಿ ಅಷ್ಟು ಹಳೆಯದು. ಅದಕ್ಕೆ ಹಿಂದಿನ ವರ್ಷವೇ, 1854ರಲ್ಲಿ, ಪ್ಯಾರಿಸ್ಸಿನ ದಿಸ್ದೇರಿ ‘ಕಾರ್ತ್ ದ ವಿಸೀತ್’ ಎಂಬ ಚಿಕ್ಕ ಅಳತೆಯ ಅಗ್ಗದ ಭಾವಚಿತ್ರಕ್ಕೆ ಹಕ್ಕುಪತ್ರ ಪಡೆದಿದ್ದನು. ಭಾವಚಿತ್ರ ಅರಸರಿಂದ ಅಂಗಡಿಕಾರರವರೆಗೆ ಹರಡಿತು. ತಿದ್ದುಗೆಲಸವೂ ಅದರೊಡನೆ ಹರಡಿತು. ದೊಡ್ಡ ಸ್ಟುಡಿಯೋಗಳಲ್ಲಿ ಅದಕ್ಕೆಂದೇ ಪ್ರತ್ಯೇಕ ಕೋಣೆಗಳಿರುತ್ತಿದ್ದವು. ಯೂರೋಪು ಮತ್ತು ಅಮೆರಿಕಗಳಲ್ಲಿ ಈ ಕೆಲಸಕ್ಕೆ ಹೆಚ್ಚಾಗಿ ಮಹಿಳೆಯರನ್ನು ನೇಮಿಸಿಕೊಳ್ಳಲಾಗುತ್ತಿತ್ತು.

ಕೆಲಸದ ವಿಧಾನವನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ. ಇಳಿಜಾರಾದ ಪುಟ್ಟ ಮೇಜಿನ ನಡುವೆ ಉಜ್ಜಿದ ಗಾಜಿನ ಕಿಟಕಿ. ಅದರ ಕೆಳಗೆ ಬೆಳಕನ್ನು ಮೇಲಕ್ಕೆ ತಿರುಗಿಸುವ ಕನ್ನಡಿ ಅಥವಾ ಬಿಳಿಯ ಕಾಗದ. ಕಿಟಕಿಯ ಮೇಲೆ ನೆಗೆಟಿವ್ ಇಟ್ಟು, ಪೆನ್ಸಿಲು ಹಿಡಿಯುವಂತೆ ಅದರ ಮೇಲ್ಮೈಗೆ ಟರ್ಪೆಂಟೈನ್‌ನಲ್ಲಿ ಕರಗಿಸಿದ ರಾಳವನ್ನು ತೆಳ್ಳಗೆ ಸವರಲಾಗುತ್ತಿತ್ತು. ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ಅಲ್ಪವಿರಾಮ ಚಿಹ್ನೆಯಷ್ಟೇ ಗಾತ್ರದ ಸಣ್ಣ ಸಣ್ಣ ಗೀಟುಗಳನ್ನು ಎಳೆಯಬೇಕು. ನೆಗೆಟಿವ್‌ನಲ್ಲಿ ಕಪ್ಪು ಬಿಳುಪುಗಳು ಅದಲುಬದಲಾಗಿರುತ್ತವೆ. ಮಚ್ಚೆಯಿರುವಲ್ಲಿ ಅಲ್ಲಿ ಬರಿಗಾಜು ಕಾಣುತ್ತದೆ. ಆ ಬರಿದಾದ ಸ್ಥಳವನ್ನು ಸೀಸದ ಗೀಟುಗಳಿಂದ ಸುತ್ತಲಿನ ಸಾಂದ್ರತೆಗೆ ಸಮನಾಗುವವರೆಗೆ ತುಂಬಿದರೆ, ಪ್ರತಿಯಲ್ಲಿ ಮಚ್ಚೆ ಮಾಯವಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಪ್ರತಿಯಲ್ಲಿ ಯಾವುದಾದರೂ ಭಾಗ ಕಪ್ಪಾಗಬೇಕಿದ್ದರೆ ನೆಗೆಟಿವ್‌ನ ಲೇಪವನ್ನು ಚಾಕುವಿನಿಂದ ಕೂದಲೆಳೆಯಷ್ಟೇ ಹೆರೆಯಬೇಕು. ಸೊಂಟವನ್ನು ಸಣ್ಣಗೆ ಮಾಡಲು, ಉಡುಪಿನ ಉಬ್ಬನ್ನು ತೆಗೆಯಲು ಬಳಸುತ್ತಿದ್ದ ವಿಧಾನಗಳಲ್ಲಿ ಚಾಕುವಿನದೂ ಒಂದು.

ಈ ಎರಡು ಸಾಧನಗಳ ನಡುವಣ ವ್ಯತ್ಯಾಸ ಬಹಳ ಮುಖ್ಯವಾದುದು. ಪೆನ್ಸಿಲಿನ ತಪ್ಪನ್ನು ಒರೆಸಿ ಮತ್ತೆ ಆರಂಭಿಸಬಹುದು. ಚಾಕುವಿನ ತಪ್ಪಿಗೆ ಪರಿಹಾರವಿಲ್ಲ. ಆದ್ದರಿಂದ ಎಲ್ಲ ಕಡೆಯೂ ಪೆನ್ಸಿಲೇ ಮುಖ್ಯ ಸಾಧನವಾಯಿತು. ಪೆನ್ಸಿಲು ನೆಗೆಟಿವ್‌ಗೆ ಸಾಂದ್ರತೆಯನ್ನು ಸೇರಿಸಬಲ್ಲುದೇ ಹೊರತು ಕಳೆಯಲಾರದು. ಅಂದರೆ ಪ್ರತಿಯಲ್ಲಿ ಅದು ಬಿಳುಪನ್ನು ಮಾತ್ರ ಹೆಚ್ಚಿಸಬಲ್ಲುದು. ಕಣ್ಣ ಕೆಳಗಿನ ನೆರಳು, ಮೂಗಿನ ಪಕ್ಕದ ಗೆರೆ, ಹಣೆಯ ಸುಕ್ಕು ಎಲ್ಲವನ್ನೂ ಅದು ಸುತ್ತಲಿನ ಬಿಳಿಯ ಭಾಗದ ಮಟ್ಟಕ್ಕೆ ಏರಿಸುತ್ತಿತ್ತು. ಮುಖವನ್ನು ನಯಗೊಳಿಸುವುದು ಎಂದರೆ ಬಿಳಿದು ಮಾಡುವುದು ಎಂಬ ಸಮೀಕರಣ ತಿದ್ದುಗಾರರ ಮನೋಧರ್ಮದಲ್ಲಿ ಮಾತ್ರವಲ್ಲದೆ ಅವರ ಸಾಧನದ ಸ್ವಭಾವದಲ್ಲಿಯೇ ಅಡಕವಾಗಿತ್ತು. ಮುಂದಿನ ಇತಿಹಾಸವನ್ನು ಅರಿಯಲು ಈ ಅಂಶ ಕೀಲಿಕೈಯಾಗಿದೆ.

ಈ ಪದ್ಧತಿಗೆ ಆ ಕಾಲದಲ್ಲಿಯೇ ವಿರೋಧವೂ ಇತ್ತು. ಕಲ್ಕತ್ತೆಯಲ್ಲಿ ಜನಿಸಿ ಇಂಗ್ಲೆಂಡಿನಲ್ಲಿ ಖ್ಯಾತಳಾದ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ (1815-1879) ಮುಖಗಳನ್ನು ನಯಗೊಳಿಸುವ ಸ್ಟುಡಿಯೋ ಪದ್ಧತಿಯಿಂದ ದೂರ ಉಳಿದಳು. ಅವಳ ಫಲಕಗಳ ಕಲೆಗಳನ್ನು ಕಂಡು ಸಮಕಾಲೀನ ಛಾಯಾಗ್ರಾಹಕರು ಅವಳನ್ನು ಟೀಕಿಸಿದರು. ಪಿ.ಎಚ್. ಎಮರ್ಸನ್ 1889ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ತಿದ್ದುಗೆಲಸವನ್ನು ಕಟುವಾಗಿ ಖಂಡಿಸಿದನು. ಆದರೆ ವ್ಯಾಪಾರಿ ಸ್ಟುಡಿಯೋಗಳ ಮೇಲೆ ಈ ವಿರೋಧದ ಪ್ರಭಾವ ಅಷ್ಟಾಗಿ ಆಗಲಿಲ್ಲ.

ಭಾರತದ ನೆಲದಲ್ಲಿ

ಭಾರತಕ್ಕೆ ಛಾಯಾಚಿತ್ರಕಲೆ 1840ರ ದಶಕದ ಆರಂಭದಲ್ಲಿಯೇ ಬಂದಿತು. ಮುಂಬಯಿಯಲ್ಲಿ 1854ರಲ್ಲಿ, ಮದರಾಸು ಮತ್ತು ಕಲ್ಕತ್ತೆಗಳಲ್ಲಿ 1856ರಲ್ಲಿ ಛಾಯಾಚಿತ್ರ ಸಂಘಗಳು ಸ್ಥಾಪನೆಗೊಂಡವು. ಇಲ್ಲಿ ಬೆಳೆದ ವಿಶಿಷ್ಟ ಪದ್ಧತಿಯೆಂದರೆ ಬಣ್ಣ ಹಚ್ಚಿದ ಭಾವಚಿತ್ರ. ಅರಸರ ಆಸ್ಥಾನಗಳಲ್ಲಿ ಕಿರುಚಿತ್ರ ಬರೆಯುತ್ತಿದ್ದ ಕುಶಲರು ಛಾಯಾಚಿತ್ರದ ಪ್ರತಿಯ ಮೇಲೆ ದಟ್ಟವಾದ ಬಣ್ಣ ಹಚ್ಚಿ, ಒಡವೆಗಳಿಗೆ ಚಿನ್ನದ ಲೇಪ ಕೊಟ್ಟು, ಹಿನ್ನೆಲೆಯನ್ನು ಪೂರ್ತಿಯಾಗಿ ಬದಲಿಸುತ್ತಿದ್ದರು. ಕೆಲವು ಚಿತ್ರಗಳಲ್ಲಿ ಮುಖದ ಭಾಗ ಮಾತ್ರ ಛಾಯಾಚಿತ್ರವಾಗಿ ಉಳಿದು, ಮಿಕ್ಕದ್ದೆಲ್ಲ ವರ್ಣಚಿತ್ರವಾಗಿರುವುದನ್ನು ಕಾಣಬಹುದು. ಇಲ್ಲಿ ಕುಂಚ ತನ್ನನ್ನು ಮರೆಮಾಚಿಕೊಳ್ಳುತ್ತಿರಲಿಲ್ಲ. ಇದು ಬಣ್ಣ ಹಚ್ಚಿದ ಚಿತ್ರ ಎಂಬುದು ನೋಡುವವರಿಗೆ ತಿಳಿದೇ ಇರುತ್ತಿತ್ತು. ಯೂರೋಪಿನ ಅದೃಶ್ಯ ತಿದ್ದುಗೆಲಸಕ್ಕೂ ಇದಕ್ಕೂ ಇರುವ ಮೂಲಭೂತ ಅಂತರ ಇದೇ.

ಇಪ್ಪತ್ತನೆಯ ಶತಮಾನದಲ್ಲಿ ನಮ್ಮ ಊರುಗಳ ಸ್ಟುಡಿಯೋಗಳಲ್ಲಿ ಈ ಎರಡು ಪರಂಪರೆಗಳೂ ಕೂಡಿಕೊಂಡವು. ತೀರಿಕೊಂಡ ಹಿರಿಯರ ಮುಖವನ್ನು ಹಳೆಯ ಗುಂಪುಚಿತ್ರದಿಂದ ಬೇರ್ಪಡಿಸಿ ದೊಡ್ಡದು ಮಾಡಿ, ರುಮಾಲು, ಶಲ್ಯ, ಕುಂಕುಮಗಳನ್ನು ಕೈಯಿಂದ ಬರೆದು ಚೌಕಟ್ಟು ಹಾಕಿಸುವ ಪದ್ಧತಿ ಮನೆಮನೆಗೂ ಪರಿಚಿತ. ಅಲ್ಲಿ ತಿದ್ದುಗಾರ ಕುಟುಂಬದ ಸ್ಮರಣೆಗೆ ಸಲ್ಲಿಸಿದ ಸೇವೆ ಸಣ್ಣದಲ್ಲ. ಇನ್ನೊಂದು ಪದ್ಧತಿಯೂ ಅಷ್ಟೇ ಪರಿಚಿತ: ವರನ ಕಡೆಯವರಿಗೆ ಕಳುಹಿಸುವ ಹೆಣ್ಣಿನ ಫೋಟೋ. ‘ಸ್ವಲ್ಪ ಬೆಳ್ಳಗೆ ಬರಲಿ’ ಎಂಬ ಹೆತ್ತವರ ಮಾತಿಗೆ ಪೆನ್ಸಿಲು ಸುಲಭವಾಗಿ ವಿಧೇಯವಾಗುತ್ತಿತ್ತು. ಯೂರೋಪಿನ ಫಲಕದ ಕೊರತೆಯನ್ನು ನೀಗಿಸಲು ಹುಟ್ಟಿದ ಸಾಧನ ಇಲ್ಲಿ ಮೈಬಣ್ಣದ ಸಾಮಾಜಿಕ ತರತಮಕ್ಕೆ ನೆರವಾಯಿತು.

ಹೊಳಪು ಕಾಗದದ ಮುಖ

ಛಾಯಾಚಿತ್ರವನ್ನು ಅಕ್ಷರಗಳೊಡನೆ ಒಟ್ಟಿಗೆ ಮುದ್ರಿಸಲು ಸಾಧ್ಯವಾದದ್ದು 1880ರ ದಶಕದಲ್ಲಿ ಬೆಳೆದ ಹಾಫ್‌ಟೋನ್ ವಿಧಾನದಿಂದ. ಚಿತ್ರವನ್ನು ಸಣ್ಣ ದೊಡ್ಡ ಚುಕ್ಕೆಗಳಾಗಿ ಒಡೆಯುವ ಈ ವಿಧಾನ ಒರಟು ಕಾಗದದ ಮೇಲೆ ಮುಖದ ನಯವಾದ ನೆರಳುಗಳನ್ನು ನುಂಗಿಬಿಡುತ್ತಿತ್ತು. ಅಚ್ಚಿನ ಬ್ಲಾಕ್ ಮಾಡುವ ಮುನ್ನ ಕಣ್ಣು, ತುಟಿ, ಕೂದಲಿನ ಅಂಚುಗಳನ್ನು ಬಣ್ಣದಿಂದ ಎತ್ತಿ ತೋರಿಸುವುದು ಆಗ ಅನಿವಾರ್ಯವಾಯಿತು. ಅಮೆರಿಕದಲ್ಲಿ 1879ರಲ್ಲಿ ಆಬ್ನರ್ ಪೀಲರ್ ರೂಪಿಸಿದ, 1890ರ ದಶಕದಲ್ಲಿ ಚಾರ್ಲ್ಸ್ ಬರ್ಡಿಕ್ ಸುಧಾರಿಸಿದ ಗಾಳಿಕುಂಚ, ಅಂದರೆ ಏರ್‌ಬ್ರಷ್, ಈ ಕೆಲಸದ ಮುಖ್ಯ ಸಾಧನವಾಯಿತು. ಈ ಹಂತದಲ್ಲಿಯೂ ತಿದ್ದುಗಾರ ತಂತ್ರದ ಕೊರತೆಯನ್ನೇ ತುಂಬುತ್ತಿದ್ದನು.

ಸುಣ್ಣದಂಥ ಬಿಳಿಯ ಮಣ್ಣನ್ನು ಲೇಪಿಸಿದ ನುಣುಪು ಕಾಗದ ಮತ್ತು ಅತಿ ಸೂಕ್ಷ್ಮ ಚುಕ್ಕೆಗಳ ಜಾಲರಿ ಬಳಕೆಗೆ ಬಂದಾಗ ಈ ಪರಿಸ್ಥಿತಿ ತಿರುವುಮುರುವಾಯಿತು. 1892ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ‘ವೋಗ್’ ಪತ್ರಿಕೆಯನ್ನು 1909ರಲ್ಲಿ ಕೊಂಡುಕೊಂಡ ಕಾಂಡೆ ನಾಸ್ಟ್, ಫ್ಯಾಷನ್ ಪುಟಗಳಲ್ಲಿ ರೇಖಾಚಿತ್ರಗಳ ಜೊತೆಗೆ ಛಾಯಾಚಿತ್ರಕ್ಕೂ ಸ್ಥಾನ ನೀಡಿದನು. 1923ರಲ್ಲಿ ಎಡ್ವರ್ಡ್ ಸ್ಟೈಕನ್ ಅವನ ಪತ್ರಿಕೆಗಳ ಮುಖ್ಯ ಛಾಯಾಗ್ರಾಹಕನಾದನು. 1932ರ ಜುಲೈ ಸಂಚಿಕೆಯಲ್ಲಿ ‘ವೋಗ್’ ಮುಖಪುಟದ ಮೇಲೆ ಮೊದಲ ವರ್ಣ ಛಾಯಾಚಿತ್ರ ಪ್ರಕಟವಾಯಿತು. ನುಣುಪು ಕಾಗದ ಚರ್ಮದ ರಂಧ್ರಗಳನ್ನೂ ಅಡಗಿಸುತ್ತಿರಲಿಲ್ಲ. ಮುದ್ರಣ ಉತ್ತಮಗೊಂಡಷ್ಟೂ ತಿದ್ದುಗೆಲಸ ಹೆಚ್ಚಿತು.

ಇನ್ನೊಂದು ಬೆಳವಣಿಗೆಯನ್ನು ಇದರೊಡನೆ ಸೇರಿಸಿ ನೋಡಬೇಕು. ಬಣ್ಣಗಳನ್ನು ಕಾಣುವಂತೆ ಫಲಕಕ್ಕೆ ವರ್ಣದ್ರವ್ಯ ಬೆರೆಸುವ ವಿಧಾನವನ್ನು 1873ರಲ್ಲಿ ಹೆರ್ಮಾನ್ ಫೋಗೆಲ್ ಕಂಡುಹಿಡಿದಿದ್ದನು. 1906ರಲ್ಲಿ ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಯಾಂಕ್ರೋಮ್ಯಾಟಿಕ್ ಫಲಕಗಳು ಇಂಗ್ಲೆಂಡಿನ ಮಾರುಕಟ್ಟೆಗೆ ಬಂದವು. ಫಲಕದ ಕುರುಡು ನೀಗಿತು. ತಿದ್ದುಗೆಲಸದ ಮೂಲ ಕಾರಣ ಇಲ್ಲವಾಯಿತು. ಆದರೂ ಅದು ಅತ್ಯುನ್ನತ ಮಟ್ಟಕ್ಕೇರಿದ್ದು ಇದರ ನಂತರವೇ, 1930ರ ದಶಕದ ಹಾಲಿವುಡ್‌ನಲ್ಲಿ. ಎಂಜಿಎಂ ಸಂಸ್ಥೆಯ ಛಾಯಾಗ್ರಾಹಕ ಜಾರ್ಜ್ ಹರೆಲ್ 1931ರಲ್ಲಿ ತೆಗೆದ ಜೋನ್ ಕ್ರಾಫರ್ಡ್‌ಳ ಭಾವಚಿತ್ರ ಇದಕ್ಕೆ ಪ್ರಸಿದ್ಧ ನಿದರ್ಶನ. ಮೂಲ ಚಿತ್ರದಲ್ಲಿ ನಟಿಯ ಮುಖ, ಕತ್ತು, ಭುಜಗಳ ತುಂಬ ಮಚ್ಚೆಗಳಿವೆ, ಕಣ್ಣ ಸುತ್ತ ಗೆರೆಗಳಿವೆ. ತಿದ್ದುಗಾರ ಜೇಮ್ಸ್ ಶಾರ್ಪ್ ಹಲವು ಗಂಟೆಗಳ ಕಾಲ ನೆಗೆಟಿವ್‌ನ ಮೇಲೆ ಕೆಲಸ ಮಾಡಿದ ಬಳಿಕ ಉಳಿದದ್ದು ಅಮೃತಶಿಲೆಯಂಥ ಮೈ. ಎಂಟು ಅಂಗುಲ ಅಗಲ, ಹತ್ತು ಅಂಗುಲ ಉದ್ದದ ದೊಡ್ಡ ನೆಗೆಟಿವ್ ಬಳಸುತ್ತಿದ್ದುದರಿಂದ ಪೆನ್ಸಿಲಿನ ಇಂಥ ಕೆಲಸ ಸಾಧ್ಯವಾಯಿತು. ಎಂಬತ್ತು ವರ್ಷಗಳ ಹಿಂದೆ ಮಚ್ಚೆಯನ್ನು ತೆಗೆದದ್ದು ಫಲಕ ಅದನ್ನು ತಪ್ಪಾಗಿ ಕಂಡಿತ್ತೆಂದು. ಈಗ ತೆಗೆದದ್ದು ಫಲಕ ಅದನ್ನು ಸರಿಯಾಗಿ ಕಂಡಿತೆಂದು.

ಈ ಹೊಳಪಿನ ಶೈಲಿ ಭಾರತಕ್ಕೆ ಬಂದ ಹಾದಿಯಲ್ಲಿ ಕನ್ನಡ ನಾಡಿನ ಕಲಾವಿದರೊಬ್ಬರಿದ್ದಾರೆ ಎಂಬುದು ಸ್ಮರಣೀಯ. ಕಲಬುರ್ಗಿಯಲ್ಲಿ 1916ರಲ್ಲಿ ಜನಿಸಿದ ಎಸ್.ಎಂ. ಪಂಡಿತರು (ನಿಧನ 1993) ಮುಂಬಯಿಯಲ್ಲಿ ಎಂಜಿಎಂ ಚಿತ್ರಗಳಿಗೆ ಪ್ರಚಾರಚಿತ್ರಗಳನ್ನು ರಚಿಸಿದರು. ಮುಂದೆ ಅವರ ಪೌರಾಣಿಕ ಕ್ಯಾಲೆಂಡರ್ ಚಿತ್ರಗಳು ದೇಶದಾದ್ಯಂತ ಮನೆಗಳ ಗೋಡೆಗಳನ್ನು ಅಲಂಕರಿಸಿದವು. ಹಾಲಿವುಡ್ ತಾರೆಯ ನುಣುಪು ಚರ್ಮದ ಮೇಲಾಡುವ ಬೆಳಕು ಮೇನಕೆ, ದಮಯಂತಿಯರ ಮೈಮೇಲೂ ಆಡತೊಡಗಿದ್ದನ್ನು ಕ್ಯಾಲೆಂಡರ್ ಕಲೆಯಲ್ಲಿ ಗುರುತಿಸಬಹುದು.

ಬಣ್ಣದ ಚಿತ್ರ, ಮೈಯ ಬಣ್ಣ

1935ರಲ್ಲಿ ಬಂದ ಕೊಡಾಕ್ರೋಮ್‌ನೊಂದಿಗೆ ವರ್ಣಚಿತ್ರದ ಯುಗ ಗಟ್ಟಿಗೊಂಡಿತು. ಅದರ ಫಲಕದ ಮೇಲೆ ಪೆನ್ಸಿಲು ನಡೆಯದು. ಆದ್ದರಿಂದ ಜಾಹೀರಾತು ಮತ್ತು ಪತ್ರಿಕೆಗಳವರು ಬಣ್ಣಗಳನ್ನು ಬೇರ್ಪಡಿಸಿ ಮತ್ತೆ ಒಂದರ ಮೇಲೊಂದು ಅಚ್ಚೊತ್ತುವ ‘ಡೈ ಟ್ರಾನ್ಸ್‌ಫರ್’ ವಿಧಾನದ ಪ್ರತಿಗಳ ಮೇಲೆ ಬಣ್ಣ ಮತ್ತು ಬಿಳುಪುಕಾರಕಗಳಿಂದ ತಿದ್ದುತ್ತಿದ್ದರು. ಇದು ದುಬಾರಿಯಾದ, ನುರಿತ ಕೆಲವರಿಗಷ್ಟೇ ಒಲಿದ ವಿದ್ಯೆ.

ಬಣ್ಣದ ಫಿಲ್ಮಿನ ಹದವನ್ನು ಗೊತ್ತುಮಾಡಿದ ಕ್ರಮ ಇಲ್ಲಿ ಪ್ರಸ್ತುತವಾದುದು. ಪ್ರಯೋಗಾಲಯಗಳಲ್ಲಿ ಪ್ರತಿಯ ಬಣ್ಣ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಕೊಡಾಕ್ ಸಂಸ್ಥೆ ಒಬ್ಬ ಬಿಳಿಯ ಮಹಿಳೆಯ ಭಾವಚಿತ್ರವಿರುವ ಮಾದರಿ ಪತ್ರಗಳನ್ನು ಕಳುಹಿಸುತ್ತಿತ್ತು. ಮೊದಲ ರೂಪದರ್ಶಿಯ ಹೆಸರಿನಿಂದ ಇವು ‘ಶರ್ಲಿ ಕಾರ್ಡ್’ ಎನಿಸಿಕೊಂಡವು. ಆ ಮೈಬಣ್ಣ ಸರಿಯಾಗಿ ಬಂದರೆ ಚಿತ್ರ ಸರಿಯಾಗಿದೆಯೆಂದು ಅರ್ಥ. ಕಪ್ಪು ಮೈಬಣ್ಣದವರ ಮುಖದ ವಿವರಗಳು ಈ ಮಾನದಂಡದಲ್ಲಿ ಮುಳುಗಿಹೋಗುತ್ತಿದ್ದವು. ಕೆನಡಾದ ವಿದ್ವಾಂಸೆ ಲೋರ್ನಾ ರಾತ್ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಫಿಲ್ಮಿನ ಕಂದುಬಣ್ಣಗಳ ಹದ ಸುಧಾರಿಸಲು ಒತ್ತಾಯ ತಂದವರಲ್ಲಿ ಚಾಕೊಲೇಟ್ ಮತ್ತು ಮರದ ಪೀಠೋಪಕರಣಗಳ ಜಾಹೀರಾತುದಾರರು ಸೇರಿದ್ದರು. ಹಲವು ಮೈಬಣ್ಣಗಳನ್ನು ಒಳಗೊಂಡ ಮಾದರಿ ಪತ್ರಗಳು ಬಂದದ್ದು 1990ರ ದಶಕದಲ್ಲಿ. ಕಲೋಡಿಯನ್ ಫಲಕದ ಕೊರತೆಯನ್ನು ತುಂಬಲು ಇಡೀ ಒಂದು ವೃತ್ತಿಯೇ ಹುಟ್ಟಿಕೊಂಡಿತ್ತು. ವರ್ಣಫಿಲ್ಮಿನ ಈ ಕೊರತೆ ಮಾತ್ರ ದಶಕಗಳ ಕಾಲ ಕೊರತೆಯೆಂದೇ ಗುರುತಿಸಲ್ಪಡಲಿಲ್ಲ. ಯಾರ ಮುಖ ಕೆಟ್ಟಾಗ ತಂತ್ರವನ್ನು ದೂರಲಾಗುತ್ತದೆ, ಯಾರ ಮುಖ ಕೆಟ್ಟಾಗ ಮುಖವನ್ನೇ ದೂರಲಾಗುತ್ತದೆ ಎಂಬುದು ಕೇವಲ ತಾಂತ್ರಿಕ ಪ್ರಶ್ನೆಯಲ್ಲ.

ಗಣಕಯಂತ್ರದ ಕಾಲ

ಗಣಕಯಂತ್ರದ ತಿದ್ದುಗೆಲಸ ಮೊದಲು ಬಂದದ್ದು ದೊಡ್ಡ ಮುದ್ರಣಾಲಯಗಳಿಗೆ. ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆ 1982ರ ಫೆಬ್ರವರಿ ಮುಖಪುಟಕ್ಕಾಗಿ ಗೀಝಾದ ಪಿರಮಿಡ್ಡುಗಳನ್ನು ಹತ್ತಿರಕ್ಕೆ ಸರಿಸಿದಾಗ ಈ ಶಕ್ತಿಯ ಅರಿವು ಜನರಿಗಾಯಿತು. ಅಮೆರಿಕದ ಥಾಮಸ್ ನೋಲ್ ಮತ್ತು ಜಾನ್ ನೋಲ್ ಸಹೋದರರು 1987ರಲ್ಲಿ ಆರಂಭಿಸಿದ ತಂತ್ರಾಂಶ ‘ಫೋಟೋಶಾಪ್’ ಎಂಬ ಹೆಸರಿನಲ್ಲಿ 1990ರ ಫೆಬ್ರವರಿಯಲ್ಲಿ ಅಡೋಬಿ ಸಂಸ್ಥೆಯಿಂದ ಬಿಡುಗಡೆಯಾಯಿತು. 1994ರಲ್ಲಿ ಪದರಗಳು, 2000ದಲ್ಲಿ ಆಕಾರವನ್ನು ಹಿಗ್ಗಿಸಿ ಕುಗ್ಗಿಸುವ ‘ಲಿಕ್ವಿಫೈ’, 2002ರಲ್ಲಿ ಕಲೆಯನ್ನು ಸುತ್ತಲಿನ ಚರ್ಮದಿಂದ ಮುಚ್ಚುವ ‘ಹೀಲಿಂಗ್ ಬ್ರಷ್’ ಸೇರಿದವು. ಪೆನ್ಸಿಲಿನ ಗೀಟು, ಚಾಕುವಿನ ಹೆರೆತ, ಗಾಳಿಕುಂಚದ ಸಿಂಪರಣೆಗಳಿಗೆ ಸಮನಾದ ಉಪಕರಣಗಳೆಲ್ಲ ಇದರಲ್ಲಿವೆ. ಹಾಕಿದ ಗೀಟನ್ನು ಗುರುತಿಲ್ಲದೆ ಹಿಂತೆಗೆಯಬಹುದೆಂಬುದೇ ಇದರ ಹೊಸತನ. ಚಾಕುವಿನ ಭಯ ಇಲ್ಲವಾಯಿತು.

ಹೊಳಪು ಪತ್ರಿಕೆಯ ಮುಖವನ್ನು ಇಂದು ಸಿದ್ಧಪಡಿಸುವ ಕ್ರಮ ಸ್ಥೂಲವಾಗಿ ಹೀಗಿದೆ: ಮೊದಲು ಮೊಡವೆ, ಚದುರಿದ ಕೂದಲುಗಳಂಥ ತಾತ್ಕಾಲಿಕ ಕಲೆಗಳನ್ನು ತೆಗೆಯಲಾಗುತ್ತದೆ. ಬಳಿಕ ಚಿತ್ರವನ್ನು ಎರಡು ಪದರಗಳಾಗಿ ಬೇರ್ಪಡಿಸಿ, ಒಂದರಲ್ಲಿ ಚರ್ಮದ ರಂಧ್ರ, ರೋಮಗಳ ಸೂಕ್ಷ್ಮ ವಿನ್ಯಾಸವನ್ನೂ ಇನ್ನೊಂದರಲ್ಲಿ ಬಣ್ಣ ಮತ್ತು ನೆರಳು ಬೆಳಕಿನ ಏರಿಳಿತಗಳನ್ನೂ ಇಡಲಾಗುತ್ತದೆ. ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಸಮಗೊಳಿಸಿದರೆ, ರಂಧ್ರಗಳಿದ್ದೂ ಏರುಪೇರಿಲ್ಲದ ಚರ್ಮ ದೊರೆಯುತ್ತದೆ. ಕೊನೆಗೆ ಕೆನ್ನೆಯ ಮೂಳೆ, ಮೂಗಿನ ಏಣು, ತುಟಿಯ ಅಂಚುಗಳಿಗೆ ಬೆಳಕನ್ನು ಹೆಚ್ಚಿಸಿ ಕುಗ್ಗಿಸಿ ಉಬ್ಬುತಗ್ಗುಗಳನ್ನು ಹೊಸದಾಗಿ ರೂಪಿಸಲಾಗುತ್ತದೆ. ಹಿಂದೆ ಮಸುಕುಗೊಳಿಸಿದ ಚರ್ಮ ಮೇಣದಂತೆ ಕಂಡು ತಿದ್ದಿದ ಸುಳಿವನ್ನು ಬಿಟ್ಟುಕೊಡುತ್ತಿತ್ತು. ಈ ಕ್ರಮದಲ್ಲಿ ಉಳಿಸಿಕೊಂಡ ರಂಧ್ರಗಳೇ ತಿದ್ದಿಲ್ಲವೆಂಬ ಸಾಕ್ಷ್ಯ ಹೇಳುತ್ತವೆ. ಕಸುಬಿನ ದೃಷ್ಟಿಯಿಂದ ಇದೊಂದು ಅಸಾಧಾರಣ ಸಾಧನೆಯೆಂಬುದನ್ನು ಒಪ್ಪಬೇಕು.

ಇದರ ಪ್ರಮಾಣ ಎಷ್ಟೆಂಬುದು ಓದುಗರಿಗೆ ತಿಳಿದದ್ದು ತಡವಾಗಿ. 2008ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆ ಪ್ರಕಟಿಸಿದ ಲೇಖನದ ಪ್ರಕಾರ, ಆ ವರ್ಷದ ಮಾರ್ಚ್ ತಿಂಗಳ ‘ವೋಗ್’ ಸಂಚಿಕೆಯೊಂದರಲ್ಲಿಯೇ ಪಾಸ್ಕಲ್ ದಾಂಜ಼ಾ ಎಂಬ ತಿದ್ದುಗಾರ ಮುಖಪುಟ ಸೇರಿ 144 ಚಿತ್ರಗಳನ್ನು ತಿದ್ದಿದ್ದನು. ಅವುಗಳಲ್ಲಿ 107 ಜಾಹೀರಾತುಗಳು. ತಿದ್ದುಗಾರನೊಬ್ಬ ತನ್ನ ಹೆಸರಿನಿಂದಲೇ ಇಷ್ಟು ಪ್ರಸಿದ್ಧನಾದದ್ದು ಅಪರೂಪದ ಸಂಗತಿ.

ಆಕ್ಷೇಪ ಮತ್ತು ಶಾಸನ

ತಿದ್ದಲ್ಪಟ್ಟವರೇ ತಿದ್ದುಗೆಲಸವನ್ನು ಆಕ್ಷೇಪಿಸಿದ್ದು ಇಪ್ಪತ್ತೊಂದನೆಯ ಶತಮಾನದ ವಿಶೇಷ. 2003ರಲ್ಲಿ ಬ್ರಿಟನ್ನಿನ ‘ಜಿಕ್ಯೂ’ ಮುಖಪುಟದಲ್ಲಿ ತನ್ನನ್ನು ತೆಳ್ಳಗೆ ಮಾಡಿದ್ದನ್ನು ನಟಿ ಕೇಟ್ ವಿನ್ಸ್‌ಲೆಟ್ ಬಹಿರಂಗವಾಗಿ ಅಲ್ಲಗಳೆದರು. 2017ರ ನವೆಂಬರಿನಲ್ಲಿ ಬ್ರಿಟನ್ನಿನ ‘ಗ್ರಾಝಿಯಾ’ ಮುಖಪುಟದಲ್ಲಿ ತನ್ನ ಗುಂಗುರು ಕೂದಲನ್ನು ಅಳಿಸಿ ನಯಗೊಳಿಸಿದ್ದನ್ನು ಕೀನ್ಯಾ ಮೂಲದ ನಟಿ ಲುಪಿಟಾ ನ್ಯೋಂಗೊ ಪ್ರತಿಭಟಿಸಿದರು. ಪತ್ರಿಕೆ ಕ್ಷಮೆ ಕೇಳಿತು. ಇದಕ್ಕೂ ಮೊದಲು, 1994ರ ಜೂನ್ 27ರ ‘ಟೈಮ್’ ಮುಖಪುಟದಲ್ಲಿ ಕೊಲೆಯ ಆರೋಪಿ ಓ.ಜೆ. ಸಿಂಪ್ಸನ್‌ನ ಪೊಲೀಸ್ ಭಾವಚಿತ್ರವನ್ನು ಕಪ್ಪಾಗಿಸಿದ್ದೂ ಅದೇ ಚಿತ್ರ ‘ನ್ಯೂಸ್‌ವೀಕ್’ ಮುಖಪುಟದಲ್ಲಿ ತಿದ್ದದೆ ಪ್ರಕಟವಾಗಿದ್ದೂ ವಿವಾದವಾಗಿತ್ತು. ತಾರೆಯನ್ನು ಬಿಳಿದು ಮಾಡುವುದು, ಆರೋಪಿಯನ್ನು ಕಪ್ಪು ಮಾಡುವುದು ಒಂದೇ ವ್ಯಾಕರಣದ ಎರಡು ಪ್ರಯೋಗಗಳು.

ಸರ್ಕಾರಗಳೂ ಈ ವಿಷಯದಲ್ಲಿ ಪ್ರವೇಶಿಸಿವೆ. ಇಸ್ರೇಲ್ 2012ರಲ್ಲಿ ಶಾಸನ ಮಾಡಿತು. ಫ್ರಾನ್ಸ್‌ನಲ್ಲಿ 2017ರ ಅಕ್ಟೋಬರ್ 1ರಿಂದ, ರೂಪದರ್ಶಿಯ ಮೈಕಟ್ಟನ್ನು ತೆಳ್ಳಗೆ ಅಥವಾ ದಪ್ಪಗೆ ಮಾಡಿದ ಜಾಹೀರಾತುಗಳ ಮೇಲೆ ‘ತಿದ್ದಿದ ಛಾಯಾಚಿತ್ರ’ ಎಂದು ನಮೂದಿಸುವುದು ಕಡ್ಡಾಯವಾಯಿತು. ತಪ್ಪಿದರೆ 37,500 ಯೂರೋ ದಂಡ. ಆದರೆ ಈ ನಿಯಮ ಮೈಕಟ್ಟಿಗೆ ಸೀಮಿತ. ಚರ್ಮವನ್ನು ತಿದ್ದಿದರೆ ಅನ್ವಯಿಸದು. 2022ರ ಜುಲೈಯಲ್ಲಿ ಜಾರಿಗೆ ಬಂದ ನಾರ್ವೆಯ ನಿಯಮ ಚರ್ಮವನ್ನೂ ಒಳಗೊಂಡಿತು. ಭಾರತದಲ್ಲಿ ಜಾಹೀರಾತು ಮಾನದಂಡಗಳ ಮಂಡಳಿ 2014ರಲ್ಲಿ, ಕಪ್ಪು ಮೈಬಣ್ಣದವರನ್ನು ಅನಾಕರ್ಷಕರೆಂದೋ ಅಸುಖಿಗಳೆಂದೋ ಬಿಂಬಿಸಬಾರದೆಂದು ಮಾರ್ಗಸೂಚಿ ಹೊರಡಿಸಿತು. ತಿದ್ದುಗೆಲಸದ ಪ್ರಮಾಣವನ್ನು ಅಳೆಯುವ ಪ್ರಯತ್ನವೂ ನಡೆದಿದೆ. ಅಮೆರಿಕದ ಎರಿಕ್ ಕೀ ಮತ್ತು ಹ್ಯಾನಿ ಫರೀದ್ 2011ರಲ್ಲಿ 468 ಜೋಡಿಚಿತ್ರಗಳನ್ನು ಪರಿಶೀಲಿಸಿ, ಒಂದರಿಂದ ಐದರವರೆಗೆ ಅಂಕ ನೀಡುವ ಗಣಿತಕ್ರಮವೊಂದನ್ನು ಸೂಚಿಸಿದರು.

ಉಪಸಂಹಾರ

ಮೇಲಿನ ವಿವೇಚನೆಯಿಂದ ತಿದ್ದುಗೆಲಸದ ಇತಿಹಾಸದಲ್ಲಿ ಎರಡು ಘಟ್ಟಗಳನ್ನು ಗುರುತಿಸಬಹುದು. ಮೊದಲನೆಯದರಲ್ಲಿ ಮುಖ ಪ್ರಮಾಣ, ಚಿತ್ರ ದೋಷಯುಕ್ತ. ಎರಡನೆಯದರಲ್ಲಿ ಚಿತ್ರ ಪ್ರಮಾಣ, ಮುಖ ದೋಷಯುಕ್ತ. ಈಗ ಮೂರನೆಯ ಘಟ್ಟದ ಹೊಸ್ತಿಲಲ್ಲಿದ್ದೇವೆ. ಅಮೆರಿಕದ ‘ವೋಗ್’ ಪತ್ರಿಕೆಯ 2025ರ ಆಗಸ್ಟ್ ಸಂಚಿಕೆಯಲ್ಲಿ ಪ್ರಕಟವಾದ ಉಡುಪಿನ ಜಾಹೀರಾತೊಂದರಲ್ಲಿದ್ದ ರೂಪದರ್ಶಿ ಕೃತಕ ಬುದ್ಧಿಮತ್ತೆಯ ನಿರ್ಮಾಣವಾಗಿತ್ತು. ಅಲ್ಲಿ ತಿದ್ದಲು ಮುಖವೇ ಇರಲಿಲ್ಲ. ಈವರೆಗೆ ತಿದ್ದಿದ ಅಸಂಖ್ಯ ಮುಖಗಳ ಸಾರವೇ ಮುಖವಾಗಿ ನಿಂತಿತ್ತು. ಕಿಸೆಯ ಫೋನುಗಳಲ್ಲಿ ಚಿತ್ರ ತೆಗೆಯುವ ಕ್ಷಣದಲ್ಲಿಯೇ ಚರ್ಮ ನಯಗೊಳ್ಳುವ ಏರ್ಪಾಡು ಇರುವುದರಿಂದ, ತಿದ್ದದ ತನ್ನ ಮುಖವನ್ನು ಚಿತ್ರದಲ್ಲಿ ಕಾಣದೆಯೇ ಒಂದು ಪೀಳಿಗೆ ಬೆಳೆಯಬಹುದು.

ಇಂಥ ಸಂದರ್ಭದಲ್ಲಿ ಹಳೆಯ ತಿದ್ದುಗಾರನ ನೆಗೆಟಿವ್‌ಗೆ ಹೊಸ ಮಹತ್ತ್ವ ಬಂದಿದೆ. ಗಣಕಯಂತ್ರದ ತಿದ್ದುಪಡಿ ತನ್ನ ಗುರುತನ್ನು ಉಳಿಸುವುದಿಲ್ಲ. ಗಾಜಿನ ಅಥವಾ ಫಿಲ್ಮಿನ ನೆಗೆಟಿವ್ ಉಳಿಸುತ್ತದೆ. ಅದನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಲೇಪದ ಮೇಲೆ ಪೆನ್ಸಿಲಿನ ಸೀಸ ಮಿನುಗುತ್ತದೆ. ಯಾವ ಕೆನ್ನೆಯನ್ನು ಎಷ್ಟು ಬಿಳಿದು ಮಾಡಲಾಯಿತು, ಯಾವ ಮಚ್ಚೆಯನ್ನು ಮುಚ್ಚಲಾಯಿತು, ಯಾವುದನ್ನು ಹಾಗೆಯೇ ಬಿಡಲಾಯಿತು ಎಂಬುದನ್ನು ಅಲ್ಲಿ ಓದಬಹುದು. ಒಂದು ಸಮಾಜ ತನ್ನ ಮುಖದ ಬಗ್ಗೆ ಏನನ್ನು ಬಯಸಿತ್ತು, ಏನನ್ನು ಕಂಡು ನಾಚಿತ್ತು ಎಂಬುದಕ್ಕೆ ಇಷ್ಟು ನೇರವಾದ ದಾಖಲೆ ಬೇರೆ ದೊರೆಯುವುದು ಕಷ್ಟ. ನಮ್ಮ ಊರುಗಳ ಹಳೆಯ ಸ್ಟುಡಿಯೋಗಳು ಮುಚ್ಚಿದಾಗ ಇಂಥ ನೆಗೆಟಿವ್‌ಗಳು ಗುಜರಿಗೆ ಸೇರುತ್ತವೆ. ಗಾಜನ್ನು ತೊಳೆದು ಬೇರೆ ಕೆಲಸಕ್ಕೆ ಬಳಸುವುದೂ ಉಂಟು. ಸಂರಕ್ಷಣೆಯ ಹೆಸರಿನಲ್ಲಿ ಅವನ್ನು ಗಣಕೀಕರಿಸುವಾಗಲೂ ಪೆನ್ಸಿಲಿನ ಗುರುತುಗಳನ್ನು ಕೊಳೆಯೆಂದು ಭಾವಿಸಿ ಅಳಿಸುವ ಅಪಾಯವಿದೆ. ನೆಗೆಟಿವ್‌ಗಳನ್ನು ಲೇಪದ ಬದಿಯ ಗುರುತುಗಳ ಸಹಿತ ಸಂಗ್ರಹಿಸಿ ದಾಖಲಿಸುವ, ಪೆನ್ಸಿಲು ಹಿಡಿದಿದ್ದ ಹಿರಿಯರು ನಮ್ಮ ನಡುವೆ ಇರುವಾಗಲೇ ಅವರ ಅನುಭವಗಳನ್ನು ಬರೆದಿಡುವ ಕಾರ್ಯ ತುರ್ತಾಗಿ ಆಗಬೇಕಾಗಿದೆ. ಹೆಸರಿಲ್ಲದೆ ದುಡಿದವರ ಇತಿಹಾಸಕ್ಕೆ ಉಳಿದಿರುವ ಸಾಕ್ಷ್ಯ ಆ ತೆಳುವಾದ ಸೀಸದ ಗೀಟುಗಳಲ್ಲಿದೆ.